ಒಮ್ಮೆ ಮಾತ್ರ ಕೇಳಿದ ಹೊತ್ತು

ರಬಕವಿಯಲ್ಲಿ ನಮ್ಮ ಕಾಕಾನದು ಕೈಮಗ್ಗ. "ನಮ್ಮ ಮಗ್ಗಕ್ಕ ಕರೆಂಟ್ ಬೇಕಾಗಂಗಿಲ್ರೀ" ಎಂದು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಾನೆ. ಇಂಗ್ಲೆಂಡಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಕನ್ನಡದ ಹೆಣ್ಣುಮಗಳೊಬ್ಬರು ಈ ಬೇಸಿಗೆಯಲ್ಲಿ ಅವನ ನೇಯ್ಗೆಯನ್ನು ವಿಡಿಯೋ ಕಾಲ್‌ನಲ್ಲಿ ನೋಡುತ್ತೇನೆಂದರು.

ಇಂಗ್ಲೆಂಡಿನ ಹೊತ್ತು ನಮ್ಮಲ್ಲಿ ಎಷ್ಟಾಗುತ್ತದೆಂದು ತೋರಿಸಲು ನಾನು ಚಳಿಗಾಲದಲ್ಲೇ ಒಂದು ಪ್ರೋಗ್ರಾಂ ಬರೆದಿಟ್ಟಿದ್ದೆ. ಅದು ಇಂಟರ್ನೆಟ್ಟಿನ ಸಮಯ ಸೇವೆಯನ್ನು ಪ್ರತಿ ಸಲವೂ ಕೇಳಬೇಕಿತ್ತು. ನಾನು ಒಮ್ಮೆ ಕೇಳಿ, ಆಗ ಸಿಕ್ಕ ಎರಡೂ ಕಡೆಯ ಹೊತ್ತಿನ ಅಂತರವನ್ನೇ ಕಾಯಂ ಮಾಡಿಬಿಟ್ಟೆ. ಬೇಸಿಗೆ ಬಂತೆಂದು ಗಡಿಯಾರ ತಿರುಗಿಸುವ ದೇಶವೂ ಇದೆಯೆಂದು ನಮ್ಮೂರಲ್ಲಿ ಬೆಳೆದವನಿಗೆ ಹೊಳೆಯುವುದಾದರೂ ಹೇಗೆ?

ಅಲ್ಲಿ ಗಡಿಯಾರ ಒಂದು ತಾಸು ಮುಂದೆ ಹೋಗಿತ್ತು; ನನ್ನ ಪ್ರೋಗ್ರಾಂ ನಮಗೆ ಒಂದು ತಾಸು ತಡದ ಹೊತ್ತು ತೋರಿಸಿತ್ತು. ಕಾಕಾ ಹೊಸ ಟೋಪಿ ಹಾಕಿಕೊಂಡು ಮಗ್ಗಕ್ಕೆ ಕೂರುವಷ್ಟರಲ್ಲಿ ಆಕೆ ಕಾದು ಕಾದು ಎದ್ದುಹೋಗಿದ್ದರು. ಕಾರಣ ತಿಳಿಸಿದಾಗ ಕಾಕಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನ ಆಕೆಯ ಫೋನ್ ಬಂತು. ನನ್ನ ತಪ್ಪೆಂದು ಹೇಳಲು ಬಾಯಿ ತೆರೆದೆ. ಕಾಕಾ ಕೈ ಅಡ್ಡ ಹಿಡಿದ.

"ತಪ್ಪ ತಿಳಕೋಬ್ಯಾಡ್ರೀ. ಕರೆಂಟ್ ಹೋಗಿತ್ತು, ಮಗ್ಗ ನಿಂತಬಿಟ್ಟಿತ್ತು."

ಅಷ್ಟು ಹೇಳುವಾಗ ಅವನು ಮಗ್ಗಕ್ಕೆ ಬೆನ್ನು ತಿರುಗಿಸಿ ನಿಂತಿದ್ದ.