ಬಸ್ಸನ್ನಷ್ಟೇ ಮರೆಸುವ ಮಿನಾಜ್

ಮಾನ್ವಿ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಸರಿಯಾಗಿ ಮೂಡಿಲ್ಲ. ರಾಯಚೂರಿಗೆ ಹೊರಡುವ ಮೊದಲ ಬಸ್ಸಿನ ಗಾಜನ್ನು ಚಾಲಕ ಯಂಕೋಬ ಹಳೆಯ ಟವೆಲ್ಲಿನಿಂದ ಒರೆಸುತ್ತಿದ್ದಾರೆ. ಒಳಗೆ ಎರಡನೇ ಸೀಟಿನಲ್ಲಿ ಕೂತ ಮಿನಾಜ್ ಚೀಲದಿಂದ ನಾಲ್ಕು ಹಳೆಯ ಫೋನು ತೆಗೆದು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಳ್ಳುತ್ತಿದ್ದಾರೆ. ಒಂದರ ಗಾಜು ಒಡೆದಿದೆ. ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ.

"ಇವತ್ತು ಯಾವುದು ಮೊದಲು ಹಿಡೀತದ, ಮಿನಾಜಕ್ಕಾ?" ಯಂಕೋಬ ಕೇಳುತ್ತಾರೆ.

"ಒಡದದ್ದ. ಅದಕ್ಕ ನಾಚ್ಕಿ ಇಲ್ಲ, ಯಾರು ಕರದ್ರೂ ಹೋಗ್ತದ."

ಯಂಕೋಬ ನಗುತ್ತಾ ಒಳಗೆ ಹತ್ತಿ ಬಸ್ಸು ಹೊರಡಿಸುತ್ತಾರೆ, ನಿಲ್ದಾಣ ದಾಟಿದ ಮೇಲೆ ತಲೆಯ ಮೇಲಿನ ವೈಫೈ ಡಬ್ಬಿಯ ಗುಂಡಿ ಒತ್ತುತ್ತಾರೆ. ನೀಲಿ ದೀಪ ಹತ್ತುತ್ತದೆ. ಒಡೆದ ಫೋನು ಯಾರನ್ನೂ ಕೇಳದೆ ಬಸ್ಸಿನ ವೈಫೈಗೆ ಸೇರಿಕೊಳ್ಳುತ್ತದೆ. ಉಳಿದ ಮೂರು ಅದರ ಹಿಂದೆ ಹೋಗುತ್ತವೆ. ಮಿನಾಜ್ ಹೊತ್ತು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ರಾಯಚೂರು ತಲುಪುವವರೆಗೆ ಅವರ ಕಣ್ಣು ಕಿಟಕಿಯ ಕಡೆಗಿಂತ ಈ ನಾಲ್ಕು ಪರದೆಗಳ ಮೇಲೆಯೇ ಇರುತ್ತದೆ. ಎಲ್ಲಿ ನೆಟ್ ನಿಂತಿತು, ಯಾವ ಊರು ದಾಟಿದ ಮೇಲೆ ಮತ್ತೆ ಬಂತು, ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ.

ರಾಯಚೂರು, ಮಾನ್ವಿ, ಸಿರವಾರ, ದೇವದುರ್ಗದ ನಡುವೆ ಓಡುವ ದೋಆಬ್ ಸಾರಿಗೆಯ ಇಪ್ಪತ್ತೆರಡು ಬಸ್ಸುಗಳಿಗೆ ಕಳೆದ ವರ್ಷ ವೈಫೈ ಬಂತು. ಒಮ್ಮೆ ಸೇರಿಕೊಂಡ ಫೋನು ಆ ವೈಫೈಯ ಹೆಸರನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಸೇರಿಕೊಳ್ಳುತ್ತದೆ. ತೊಡಕು ಇರುವುದೂ ಇಲ್ಲೇ. ದಾರಿಯಲ್ಲಿ ಕೆಲವು ಕಡೆ ಡಬ್ಬಿಗೇ ನೆಟ್ ಸಿಗುವುದಿಲ್ಲ, ಆದರೆ ಅದರ ದೀಪ ಉರಿಯುತ್ತಲೇ ಇರುತ್ತದೆ. ಫೋನು ಮಾತ್ರ ಆ ಖಾಲಿ ಡಬ್ಬಿಯನ್ನೇ ಹಿಡಿದು ಕೂರುತ್ತದೆ. ಆಗ ಕಳಿಸಿದ ಸಂದೇಶ ಹೋಗುವುದಿಲ್ಲ, ಬರಬೇಕಾದದ್ದು ಬರುವುದಿಲ್ಲ. ಇಪ್ಪತ್ತೆರಡು ಬಸ್ಸಿನ ವೈಫೈಗೂ ಒಂದೇ ಹೆಸರಿಟ್ಟಿರುವುದರಿಂದ, ನಿಲ್ದಾಣದಲ್ಲಿ ಸುಮ್ಮನೆ ನಿಂತವರ ಫೋನನ್ನೂ ಯಾವುದೋ ಊರಿನ ಬಸ್ಸು ಬಂದು ಸೆಳೆದುಕೊಳ್ಳುತ್ತದೆ.

"ನೀವು ಇಲ್ಲಿ ಚಾ ಕುಡಿಯಾಕತ್ತಿರ್ತೀರಿ. ನಿಮ್ಮ ಫೋನು ಆಗ್ಲೇ ದೇವದುರ್ಗದ ಬಸ್ ಹತ್ತಿ ಕುಂತಿರ್ತದ್ರಿ" ಎನ್ನುತ್ತಾರೆ ಮಿನಾಜ್.

ಹಾಗೆ ಸಿಕ್ಕಿಕೊಂಡ ಫೋನುಗಳನ್ನು ಬಿಡಿಸುವುದು ಅವರ ಕೆಲಸ. ವಾರದಲ್ಲಿ ನಾಲ್ಕು ದಿನ ರಾಯಚೂರು ನಿಲ್ದಾಣದ ಮೆಟ್ಟಿಲ ಕೆಳಗೆ, ಎರಡು ದಿನ ದೇವದುರ್ಗದಲ್ಲಿ ಅವರ ಟೇಬಲ್ ಇರುತ್ತದೆ. ಟೇಬಲ್ಲಿನ ಮೇಲೆ ಒಂದು ರಿಜಿಸ್ಟರು, ಎರಡು ಚಾರ್ಜರು, ನೀರಿನ ಬಾಟಲಿ. ಇದು ಸಾರಿಗೆಯವರ ಮೂರು ತಿಂಗಳ ಪ್ರಯೋಗ. ದಿನಕ್ಕೆ ಮೂವತ್ತು ದೂರು ಬಗೆಹರಿದರೆ ಟೇಬಲ್ ಉಳಿಯುತ್ತದೆ, ಇಲ್ಲದಿದ್ದರೆ ಈ ತಿಂಗಳ ಕೊನೆಗೆ ಎತ್ತುತ್ತಾರೆ. ರಿಜಿಸ್ಟರಿನ ಪ್ರಕಾರ ಮೊದಲ ವಾರ ದಿನಕ್ಕೆ ಇಪ್ಪತ್ತೆಂಟು ಬಗೆಹರಿದಿದ್ದವು. ಎರಡನೇ ವಾರದ ಕೊನೆಯಿಂದ ಅದು ಹದಿನಾಲ್ಕಕ್ಕೆ ಇಳಿಯಿತು.

ಏಕೆ ಎಂದು ಕೇಳಿದರೆ ಮಿನಾಜ್ ಎರಡೂ ಕೈಯನ್ನು ಟೇಬಲ್ಲಿನ ಮೇಲಿಡುತ್ತಾರೆ. "ಆವಾಗ ನಾನ ಒತ್ತುತಿದ್ದೆ. ಈಗ ಯಾರ ಫೋನಿಗೂ ಕೈ ಹಚ್ಚಂಗಿಲ್ರಿ."

ಮಾನ್ವಿಯ ಸಂತೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದವರ ಮಗಳು ಇವರು. ಕೀಲಿ ಕಳೆದುಕೊಂಡು ಬಂದವರ ಬೀಗವನ್ನು ಅಪ್ಪ ಅವರೆದುರಿಗೇ ತೆಗೆಯುತ್ತಿದ್ದರು, ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ತಾವು ಎತ್ತುತ್ತಿರಲಿಲ್ಲ. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತ ಮಿನಾಜ್ ಹನ್ನೊಂದು ವರ್ಷ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕಂಡವರ ಅರ್ಜಿ ತುಂಬಿದರು. ಅಂಗಡಿ ಮುಚ್ಚಿತು. ಆಮೇಲೆ ಸಿಕ್ಕದ್ದು ಈ ಟೇಬಲ್. ಮನೆಗೆ ಹೋದರೆ ತಾಯಿ ಕುಬ್ರಾ ಬೇಗಂ ದಖನಿಯಲ್ಲಿ ಕೇಳುವುದು ಒಂದೇ ಮಾತು: "ಆಜ್ ಕಿತ್ತೇ ಫೋನಾಂ ಛುಡಾಈ?" ಇವತ್ತು ಎಷ್ಟು ಫೋನು ಬಿಡಿಸಿದೆ ಎಂದು.

ಎರಡನೇ ವಾರದ ಒಂದು ಬುಧವಾರ ಹಿರೇಕೊಟ್ನೆಕಲ್ಲಿನ ಬಂಡೆಮ್ಮ ಟೇಬಲ್ಲಿಗೆ ಬಂದರು. ಕಣ್ಣಿನ ಔಷಧಿಗೆಂದು ವಾರಕ್ಕೊಮ್ಮೆ ರಾಯಚೂರಿಗೆ ಬರುವ, ಓದು ಬಾರದ ಹೆಣ್ಣುಮಗಳು. ಮಗಳು ತೆಲುಗು ನಾಡಿನ ಗದ್ವಾಲದಲ್ಲಿದ್ದಾಳೆ. ತಾಯಿ ಮಗಳ ಮಾತುಕತೆಯೆಲ್ಲ ಧ್ವನಿ ಸಂದೇಶದಲ್ಲಿಯೇ. ಬೆಳಗಿನಿಂದ ಒಂದೂ ಬಂದಿರಲಿಲ್ಲ. ಅಳಿಯ ಕೊಡಿಸಿದ ಆ ಫೋನಿನ ಭಾಷೆ ತೆಲುಗು.

ಮಿನಾಜ್‌ಗೆ ಉರ್ದು, ಕನ್ನಡ, ಇಂಗ್ಲಿಷ್ ಬರುತ್ತವೆ. ತೆಲುಗು ಕಲಿತಿಲ್ಲ, ಆದರೆ ಅಕ್ಷರಗಳು ಕನ್ನಡದ ಹಾಗೆಯೇ ಇರುವುದರಿಂದ ಕೂಡಿಸಿ ಓದಬಲ್ಲರು. ಎದುರಿಗೆ ಎಂಟು ಜನ ನಿಂತಿದ್ದರು. ಬಂಡೆಮ್ಮನ ಬಸ್ಸು ಹಾರ್ನ್ ಹಾಕುತ್ತಿತ್ತು. ಪರದೆಯ ಮೇಲೆ 'ಮೊತ್ತಂ ಡೇಟಾ' ಎಂದಿತ್ತು, ಅದರ ಮುಂದೆ 'ತೊಲಗಿಂಚು'. ಕನ್ನಡದಲ್ಲಿ ಮೊತ್ತ ಎಂದರೆ ಒಟ್ಟು ಲೆಕ್ಕ. ಬಳಸಿದ ಡೇಟಾದ ಲೆಕ್ಕ ತೊಲಗುತ್ತದೆ, ಫೋನು ಹಗುರಾಗಿ ಸಂದೇಶ ಬರುತ್ತದೆ ಎಂದುಕೊಂಡು ಒತ್ತಿದರು. ಖಚಿತವೇ ಎಂದು ಫೋನು ಕೇಳಿದಾಗ ಮತ್ತೊಮ್ಮೆ ಒತ್ತಿದರು.

ತೆಲುಗಿನಲ್ಲಿ ಮೊತ್ತಂ ಎಂದರೆ ಎಲ್ಲವೂ.

ಆ ಫೋನಿನಲ್ಲಿ ಬಂಡೆಮ್ಮನ ಗಂಡ ಮಲ್ಲಯ್ಯನವರ ಧ್ವನಿ ಇತ್ತು. ತೀರಿಕೊಳ್ಳುವ ಮೊದಲು ಕಳಿಸಿದ ಹನ್ನೊಂದು ಸಂದೇಶಗಳು. ಮನೆಗೆ ಬರುವಾಗ ಎಲಿ ಅಡಕಿ ತಾ, ಬಸ್ಸು ತಡ ಆದರ ಪೋತ್ನಾಳದಾಗ ಕುಂದ್ರು, ಇಂಥ ಮಾತುಗಳು. ಅವು ಬೇರೆಲ್ಲೂ ಇರಲಿಲ್ಲ.

"ಆಕಿ ಬೈಲಿಲ್ರಿ" ಎನ್ನುತ್ತಾರೆ ಮಿನಾಜ್. "ಫೋನು ಕಿವಿಗಿ ಹಿಡ್ಕೊಂಡು ಭಾಳ ಹೊತ್ತು ನಿಂತ್ಳು. ಆಮ್ಯಾಲ, 'ನಮ್ಮವ್ರು ಮಾತಾಡವಲ್ರಲ್ಲ ಬೇ' ಅಂದ್ಳು. ಅಷ್ಟ."

ಈ ಮಾತು ಬಸ್ಸಿನಿಂದ ಬಸ್ಸಿಗೆ ಹಬ್ಬಿತು. ಬಸ್ಸಿನ ವೈಫೈ ಬಿಡಿಸಲು ಒತ್ತಬೇಕಾದ ಗುಂಡಿಯ ಹೆಸರು ಕನ್ನಡದ ಫೋನಿನಲ್ಲಿ 'ಮರೆತುಬಿಡಿ'. ಅದನ್ನು ಕಂಡರೆ ಜನರ ಬೆರಳು ಹಿಂದೆ ಸರಿಯತೊಡಗಿತು. ಏನು ಮರೆಯುತ್ತದೆ, ಯಾರನ್ನು ಮರೆಯುತ್ತದೆ ಎಂದು ಕೇಳತೊಡಗಿದರು. ಅಂದಿನಿಂದ ಮಿನಾಜ್ ಕೆಲಸದ ರೀತಿಯನ್ನೇ ಬದಲಿಸಿದ್ದಾರೆ. ಫೋನು ಅವರವರ ಕೈಯಲ್ಲಿಯೇ ಇರಬೇಕು. ಪರದೆಯ ಮೇಲಿನ ಪ್ರತಿ ಸಾಲನ್ನೂ ಓದಿ ಹೇಳುತ್ತಾರೆ. ತೆಲುಗಿನ ಫೋನಾದರೆ ಮೊದಲು ಭಾಷೆ ಬದಲಿಸಲು ಹೇಳುತ್ತಾರೆ. ಕೊನೆಗೆ, ಪ್ರತಿಯೊಬ್ಬರಿಗೂ, ಅದೇ ಒಂದು ಮಾತು: "ಇದು ಬಸ್ಸನ್ನಷ್ಟ ಮರೀತದ್ರಿ, ಮಂದೀನ್ನಲ್ಲ." ಆಮೇಲೆ ಅವರೇ ಒತ್ತಬೇಕು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವೂ ಆಗುತ್ತದೆ.

ನಾಲ್ಕು ಫೋನಿನ ನೋಟ್‌ಬುಕ್ ಶುರುವಾದದ್ದೂ ಆಗಲೇ. ನಿಲ್ದಾಣಕ್ಕೆ ಬಂದ ಕೂಡಲೇ ಡಬ್ಬಿಯನ್ನು ಆರಿಸಿದರೆ ನಿಂತವರ ಫೋನು ಸಿಕ್ಕಿಕೊಳ್ಳುವುದಿಲ್ಲ ಎಂದು ಅವರು ಅದರಿಂದ ಕಂಡುಕೊಂಡರು. ಮೊದಲು ಒಪ್ಪಿದವರು ಯಂಕೋಬ. ಈಗ ಹತ್ತೊಂಬತ್ತು ಬಸ್ಸುಗಳ ಚಾಲಕರು ನಿಲ್ದಾಣದ ಗೇಟಿನೊಳಗೆ ಬರುತ್ತಲೇ ಗುಂಡಿ ಒತ್ತಿ ಅದನ್ನು ಆರಿಸುತ್ತಾರೆ. ಕಳೆದ ವಾರದಿಂದ ಟೇಬಲ್ಲಿಗೆ ಬರುವವರು ದಿನಕ್ಕೆ ಆರೇ ಜನ.

"ನಿನ್ನ ಟೇಬಲ್ಲಿನ ಕಾಲು ನೀನ ಕೊಯ್ಕೊಂಡಿ ನೋಡು" ಎಂದು ಯಂಕೋಬ ಛೇಡಿಸುತ್ತಾರೆ.

"ಕುಂಟಿದ್ರ ನಿಮ್ಮ ಸ್ಟೆಪ್ನಿ ಕೊಡ್ರಿ, ಕೆಳಗ ಇಡ್ತೀನಿ" ಎಂದು ಮಿನಾಜ್ ತಿರುಗಿ ಹೇಳುತ್ತಾರೆ. ಹೇಳುವಾಗ ಹೆಬ್ಬೆರಳಿನ ಉಗುರು ರಿಜಿಸ್ಟರಿನ ಅಂಚನ್ನು ಕೆರೆಯುತ್ತಲೇ ಇರುತ್ತದೆ.

ಮೇಲ್ವಿಚಾರಕ ಗುಲಾಮ್ ದಸ್ತಗೀರ್ ಕೆಟ್ಟವರಲ್ಲ. "ಆಕಿ ಕೆಲಸದಾಗ ತಪ್ಪಿಲ್ರಿ" ಎಂದು ಒಪ್ಪುತ್ತಾರೆ. "ಆದ್ರ ಮ್ಯಾಲಿನವ್ರು ಅಂಕಿ ಕೇಳ್ತಾರ. ಬರದೇ ಇದ್ದ ದೂರನ್ನ ನಾ ಯಾವ ಕಾಲಮ್ಮಿನಾಗ ತೋರಿಸ್ಲಿ?"

ಈ ಬುಧವಾರ ಬೆಳಿಗ್ಗೆ ಅವರ ಕರೆ ಬರುತ್ತದೆ. ಮಿನಾಜ್ ಕೇಳಿಸಿಕೊಂಡು "ಹೂಂನ್ರಿ" ಎಂದಷ್ಟೇ ಹೇಳಿ ಇಡುತ್ತಾರೆ. ರಾಯಚೂರಿನ ಟೇಬಲ್ ತಿಂಗಳ ಕೊನೆಗೆ ಎತ್ತುವುದು ಖಾತ್ರಿಯಾಗಿದೆ. ದೇವದುರ್ಗದ್ದು ಇನ್ನೂ ತೀರ್ಮಾನವಾಗಿಲ್ಲ.

ಆಗಲೇ ಸಿರವಾರದ ಅಜ್ಜ ಒಬ್ಬರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಮಿನಾಜ್ ಎಂದಿನಂತೆ ಒಂದೊಂದೇ ಸಾಲು ಓದಿ ಹೇಳುತ್ತಾರೆ. 'ಮರೆತುಬಿಡಿ' ಬರುತ್ತಲೇ ಅಜ್ಜನ ಬೆರಳು ನಿಲ್ಲುತ್ತದೆ. "ಬ್ಯಾಡವಾ. ಇದರಾಗ ಮೊಮ್ಮಕ್ಕಳ ಫೋಟೋ ಅದಾವ" ಎನ್ನುತ್ತಾರೆ.

ಮಿನಾಜ್ ಬಾಯಿ ತೆರೆಯುವ ಮೊದಲೇ ಪಕ್ಕದ ಕಲ್ಲು ಬೆಂಚಿನಿಂದ ಬಂಡೆಮ್ಮ ಮಾತಾಡುತ್ತಾರೆ. ಔಷಧಿಯ ಚೀಲ ಮಡಿಲಲ್ಲಿಟ್ಟುಕೊಂಡು ಅವರು ಬಹಳ ಹೊತ್ತಿನಿಂದ ಅಲ್ಲಿಯೇ ಕೂತಿದ್ದಾರೆ.

"ಒತ್ತಪ್ಪಾ. ಅದು ಬಸ್ಸನ್ನಷ್ಟ ಮರೀತದ, ಮಂದೀನ್ನಲ್ಲ."

"ನಿನಗೇನು ಗೊತ್ತವಾ?"

"ನನಗ ಗೊತ್ತಿರಲಾರದ ಮತ್ಯಾರಿಗಿ ಗೊತ್ತು? ಈಕಿ ಹೇಳಿಕೊಟ್ಟಾಳ, ಒತ್ತು."

ಅಜ್ಜ ಒತ್ತುತ್ತಾರೆ. ಫೋನು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮೇಲಿಂದ ಮೇಲೆ ಸದ್ದು ಮಾಡುತ್ತದೆ. ಬೆಳಗಿನಿಂದ ತಡೆದು ನಿಂತಿದ್ದ ಸಂದೇಶಗಳು ಬಂದು ಬೀಳುತ್ತವೆ.

ಮಿನಾಜ್ ರಿಜಿಸ್ಟರು ತೆರೆದು ತಲೆ ಬಗ್ಗಿಸಿ ಬರೆಯುತ್ತಾರೆ. ಊರು, ಹೊತ್ತು, ಫೋನಿನ ಭಾಷೆ. 'ದೂರು ಬಗೆಹರಿಸಿದವರು' ಎಂಬ ಕೊನೆಯ ಮನೆಯಲ್ಲಿ ದಿನವೂ ತಮ್ಮ ಹೆಸರನ್ನೇ ಬರೆಯುತ್ತಿದ್ದವರು ಇವತ್ತು ಕನ್ನಡದಲ್ಲಿ, ಬಿಡಿಸಿ ಬಿಡಿಸಿ, ಬಂಡೆಮ್ಮ ಎಂದು ಬರೆಯುತ್ತಾರೆ.

ದಸ್ತಗೀರ್ ಸಾಹೇಬರು ಇವರು ಯಾರೆಂದು ಕೇಳಿದರೆ?

"ಕೇಳ್ಲಿ ಬಿಡ್ರಿ" ಎನ್ನುತ್ತಾರೆ ಮಿನಾಜ್, ಪೆನ್ನಿನ ಮುಚ್ಚಳ ಹಾಕುತ್ತಾ. "ಟೇಬಲ್ ಎತ್ತಿದ ಮ್ಯಾಲ ರಾಯಚೂರಾಗ ಕೆಲಸ ನೋಡ್ಕೊಳ್ಳಾಕಿ ಅಂತೀನಿ."