ಅತ್ತಿ ಕುಡಿಯದ ಬಾದಾಮಿ ಹಾಲು

ನಿನ್ನೆ ಮಕ್ತಲ್‌ನಲ್ಲಿ ಹಲ್ಲಿನ ಡಾಕ್ಟರು ನನ್ನ ದವಡೆಗೆ ಸೂಜಿ ಚುಚ್ಚಿ, ಲವಂಗದ ಎಣ್ಣೆಯ ಹತ್ತಿ ಇಟ್ಟರು. ಆ ವಾಸನೆಗೆ ಅತ್ತಿ ನೆನಪಾದಳು. ಅವಳ ಸೆರಗೆಲ್ಲ ಇದೇ ವಾಸನೆ… ಎಲೆ ಅಡಿಕೆಯ ಚಟ ಎಂದುಕೊಂಡಿದ್ದೆವು.

ಅತ್ತಿ ನಮಗೆ ಸಂಬಂಧವೇನಲ್ಲ. ರಾಯಚೂರಿನ ಗಡಿಯಾಚೆಯ ನಾರಾಯಣಪೇಟೆಯಲ್ಲಿ ಪಕ್ಕದ ಮನೆಯವಳು, ಸೀರೆ ನೇಯುವವಳು. ಜರಿಯ ಎಳೆಯನ್ನು ಎಲ್ಲರೂ ಹಲ್ಲಿನಲ್ಲಿ ಕಡಿದರೆ ಅವಳು ಕತ್ತರಿ ಹುಡುಕುತ್ತಿದ್ದಳು. ಗಾಳಿ ಬೀಸಿದರೆ ಸೆರಗು ಬಾಯಿಗೆ. ನಾಜೂಕಿನವಳೆಂದು ನಾವು ನಗುತ್ತಿದ್ದೆವು.

ತೆಲಂಗಾಣ ರಾಜ್ಯವಾದ ದಿನ ಎದುರು ಮನೆಯ ಅಕ್ಕ ಓಣಿಗೆಲ್ಲ ಐಸು ಹಾಕಿದ ಬಾದಾಮಿ ಹಾಲು ಹಂಚಿದಳು. ಅಕ್ಕ ತೆಲುಗಿನವಳು, ರಾಜ್ಯ ಬೇಕೆಂದು ರಸ್ತೆಯಲ್ಲಿ ಕುಳಿತು ಗಂಟಲು ಹರಿದುಕೊಂಡವಳು. ಅತ್ತಿಯ ಜೀವದ ಗೆಳತಿ. ಅತ್ತಿ ಗ್ಲಾಸು ಹಿಡಿದು ನಿಂತಳು, ನಿಂತೇ ಇದ್ದಳು. ಕೊನೆಗೆ ತುಟಿಗೂ ಸೋಕಿಸದೆ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

"ಕನ್ನಡದಾಕಿ. ಆಕಿ ಜೀವ ರಾಯಚೂರಿನ್ಯಾಗ ಐತಿ, ನಮ್ಮ ರಾಜ್ಯ ಯಾಕ ಬೇಕು?" ಅಂದಿತು ಓಣಿ. ಅಕ್ಕನೂ ಅದನ್ನೇ ನಂಬಿದಳು. ಅಂದಿನಿಂದ ಮಾತು ಬಿಟ್ಟಳು.

ಮರುವರ್ಷ ನನಗೆ ಹಲ್ಲಿನ ಕಾಲೇಜೊಂದರ ಸರ್ವೆಯಲ್ಲಿ ಕೆಲಸ ಸಿಕ್ಕಿತು. ಜುಮ್ಮೆನ್ನುವ ಹಲ್ಲು ದಿನದ ಬದುಕನ್ನು ಎಷ್ಟು ಕೆಡಿಸುತ್ತದೆ ಎಂದು ಅಳೆಯುವುದು. ಪ್ರಶ್ನೆ ಕೇಳಿ ಅಂಕ ಹಾಕುವುದು. ಅತ್ತಿಯನ್ನೂ ಕೂರಿಸಿದೆ. ತಣ್ಣೀರು ಕುಡಿದರೆ ನೋವೇ? "ಇಲ್ಲವ್ವ." ಹುಳಿ? "ಇಲ್ಲ." ಬಿಸಿ ಚಹಾ? "ಇಲ್ಲ." ಎಲ್ಲಕ್ಕೂ ಸೊನ್ನೆ. ನಮ್ಮ ಲೆಕ್ಕದಲ್ಲಿ ಅವಳಷ್ಟು ಸುಖಿ ಇಡೀ ಓಣಿಯಲ್ಲಿ ಇರಲಿಲ್ಲ.

"ಹಂಗಾದ್ರ ಲವಂಗದ ಎಣ್ಣಿ ಯಾಕ?" ಅಂದೆ.

"ಹಲ್ಲು ಹಂಗ ಜುಮ್ಮಂತಾವ. ಅದಕ್ಕ ಅವನ್ನೆಲ್ಲ ಬಿಟ್ಟೀನವ್ವ. ಕುಡಿಯದಿದ್ರ ಎಲ್ಲಿ ನೋವು?"

ಕೊನೆಯ ಪ್ರಶ್ನೆ: ಹಲ್ಲಿನ ದೆಸೆಯಿಂದ ನಾಲ್ಕು ಜನರ ನಡುವೆ ಏನಾದರೂ ಕಷ್ಟವಾಗಿದೆಯೇ? ಅತ್ತಿ ಎದುರು ಮನೆಯ ಬಾಗಿಲು ನೋಡಿದಳು. ಬಾದಾಮಿ ಹಾಲಿನ ನಿಜ ನನಗೆ ತಿಳಿದದ್ದು ಆಗಲೇ. ಈಗಲೇ ಹೋಗಿ ಅಕ್ಕನಿಗೆ ಹೇಳುತ್ತೇನೆಂದು ಎದ್ದರೆ ಕೈ ಹಿಡಿದಳು.

"ಬ್ಯಾಡ. ಅಷ್ಟು ವರ್ಸ ಕೂಡಿ ಉಂಡಾಕಿ. ಆಕಿಗೇ ನನ್ನ ಹಲ್ಲು ತೋರಿಸಿ ನಂಬಿಸಬೇಕೇನು?"

ಆ ಪ್ರಶ್ನೆಗೂ ಸೊನ್ನೆಯನ್ನೇ ಹಾಕಿಸಿದಳು.

ಕೊರೋನಾದಲ್ಲಿ ಅತ್ತಿ ಹೋದಳು. ಅಕ್ಕ ತನ್ನ ಬಾಗಿಲಲ್ಲೇ ನಿಂತು ನೋಡಿದಳು… ಅಳಲಿಲ್ಲ.

ನಿನ್ನೆ ಸಂಜೆ ಊದಿದ ಕೆನ್ನೆ ಹೊತ್ತು ಓಣಿಗೆ ಬಂದಾಗ ಅಕ್ಕ ಒಳಗೆ ಕರೆದು ಚಹಾ ಕೊಟ್ಟಳು. ಬಿಸಿ ಆಗುವುದಿಲ್ಲ, ಹಲ್ಲು ಎಂದೆ. "ಅತ್ತಿಗೂ ಹಿಂಗ ಇತ್ತು. ಐಸಂತೂ ಮುಟ್ಟಾಕ ಆಗ್ತಿರಲಿಲ್ಲ…" ಮಾತು ನನ್ನ ಬಾಯಿಂದ ಜಾರಿತು.

ಅಕ್ಕ ನನ್ನನ್ನೇ ನೋಡಿದಳು. "ಆ ದಿನನೂ?"

ಹೂಂ ಅಂದೆ. ನನಗೆ ದುಃಖವಾಗಬೇಕಿತ್ತು, ಏನೂ ಆಗಲಿಲ್ಲ. ಅತ್ತಿ ಇಲ್ಲ ಎನ್ನುವುದಷ್ಟೇ ಗೊತ್ತಾಗುತ್ತಿತ್ತು.

ಅಕ್ಕ ನನ್ನ ಕೈಯ ಲೋಟ ತೆಗೆದುಕೊಂಡು, ಚಹಾವನ್ನು ಇನ್ನೊಂದು ಲೋಟಕ್ಕೆ ಸುರಿದು ಆರಿಸತೊಡಗಿದಳು. "ಒಂದು ಮಾತು ಹೇಳಬೇಕಿತ್ತು ಕದಾ. ಐಸು ಹಾಕದಂಗ ಕೊಡ್ತಿದ್ನಲ್ಲ," ಎಂದಳು. ಚಹಾ ತಣ್ಣಗಾದ ಮೇಲೂ ಸುರಿಯುತ್ತಲೇ ಇದ್ದಳು.