ಎರಡನೇ ಸಲ ನಡೆದು ಹೋದವರು

ಆ ಮುದುಕರ ಎರಡೂ ಮಂಡಿಗಳು ಊದಿಕೊಂಡು ತೆಂಗಿನಕಾಯಿಯಷ್ಟಾಗಿದ್ದವು. ದಿನಾ ಮಧ್ಯಾಹ್ನ ಬಂದು ನನ್ನ ಮೇಜಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ನಾನು ಐಸ್ ಕಟ್ಟುವಾಗ ಎಡಮಂಡಿಗೆ ಒಂದು ಬೈಗುಳ, ಬಲಮಂಡಿಗೆ ಇನ್ನೊಂದು. ಇಪ್ಪತ್ತು ವರ್ಷ ಕ್ಯಾಚರ್ ಆಗಿ, ಅಂದರೆ ನಮ್ಮ ವಿಕೆಟ್ ಕೀಪರ್ ಹಾಗೆ, ಕುಕ್ಕರಗಾಲಲ್ಲಿ ಕೂತಿದ್ದರ ಫಲ ಅದು. ಅಮೆರಿಕದ ಒಂದು ಬೇಸ್‌ಬಾಲ್ ತಂಡದಲ್ಲಿ ನಾನು ಫಿಸಿಯೊ, ಅವರು ಕೋಚ್‌ಗಳಲ್ಲಿ ಒಬ್ಬರು. ನನ್ನನ್ನು ‘ಡಾಕ್ಟರ್’ ಅಂತಲೇ ಕರೆಯುತ್ತಿದ್ದರು. ನಾನು ಡಾಕ್ಟರ್ ಅಲ್ಲ ಅಂತ ಎಷ್ಟು ಹೇಳಿದರೂ, ಅದೆಲ್ಲ ನನ್ನ ಮಂಡಿಗೆ ಗೊತ್ತಿಲ್ಲ ಅನ್ನುತ್ತಿದ್ದರು.

ತಂಡ ಇದ್ದದ್ದು ಡಾಲಸ್‌ನಿಂದ ಉತ್ತರಕ್ಕೆ, ಒಂದು ಸಣ್ಣ ಊರಿನಲ್ಲಿ. ಸಂಬಳ ಕೊಟ್ಟು ಆಡಿಸುವ ತಂಡವೇ, ಆದರೆ ಟೀವಿಯಲ್ಲಿ ಬರುವಂಥದ್ದಲ್ಲ. ದೊಡ್ಡ ತಂಡಗಳು ಕೈಬಿಟ್ಟವರು, ದೊಡ್ಡ ತಂಡಗಳ ಕಣ್ಣಿಗೆ ಇನ್ನೂ ಬೀಳದವರು, ಎಲ್ಲರೂ ಅಲ್ಲಿದ್ದರು. ನಾನು ಮೈಸೂರಿನವಳು. ಹ್ಯೂಸ್ಟನ್‌ನಲ್ಲಿ ಓದು ಮುಗಿಸಿ ಸೇರಿದ ಮೊದಲ ಕೆಲಸ ಅದು. ಹತ್ತಿರದ ಪ್ರಾಸ್ಪರ್ ಅನ್ನುವ ಊರಿನಲ್ಲಿ ಒಬ್ಬ ಕನ್ನಡದ ಆಂಟಿಯ ಮನೆಯಲ್ಲಿ ಬಾಡಿಗೆಗೆ ಇದ್ದೆ. “ಅಲ್ಲಮ್ಮಾ, ಎಲ್ಲಾರ ಮಕ್ಳೂ ಲ್ಯಾಪ್‌ಟಾಪ್ ಹಿಡ್ಕೊಂಡು ಆಫೀಸ್‌ಗೆ ಹೋಗ್ತಾರೆ, ನೀನು ನೋಡಿದ್ರೆ ಗಂಡಸ್ರ ಕಾಲು ಒತ್ತೋಕೆ ಹೋಗ್ತೀಯಲ್ಲ” ಅಂತ ಆಂಟಿ ರೇಗಿಸುತ್ತಿದ್ದರು. ನಗುತ್ತಿದ್ದೆ. ಆದರೆ ನನ್ನ ವೀಸಾ ಕಾಗದಕ್ಕೆ ಸಹಿ ಹಾಕಬೇಕಾದದ್ದು ಆ ತಂಡದ ಆಫೀಸೇ. ತಂಡ ಮುಚ್ಚಿದರೆ ನಾನು ಗಂಟುಮೂಟೆ ಕಟ್ಟಬೇಕಿತ್ತು.

ಆ ಬೇಸಿಗೆಯಲ್ಲಿ ತಂಡ ಸೋತಿತು, ಮತ್ತೆ ಸೋತಿತು, ಸೋಲುವುದೇ ಅಭ್ಯಾಸವಾಯಿತು. ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್‌ಗೆ ಮ್ಯಾನೇಜರ್ ಅನ್ನುತ್ತಾರೆ, ಆಟಗಾರರ ಹಾಗೆಯೇ ಸಮವಸ್ತ್ರ ತೊಟ್ಟು ಡಗ್‌ಔಟ್‌ನಲ್ಲಿ, ಅಂದರೆ ಮೈದಾನದ ಅಂಚಿನ ಆಟಗಾರರ ಬೆಂಚಿನಲ್ಲಿ, ಕೂರುವ ಮನುಷ್ಯ. ಆಗ ಇದ್ದವನು ಆಡುವವರ ಪಟ್ಟಿಯನ್ನು ಪಂದ್ಯಕ್ಕೆ ಅರ್ಧ ಗಂಟೆ ಇದೆ ಅನ್ನುವಾಗ ಅಂಟಿಸುತ್ತಿದ್ದ. ಹುಡುಗರು ದಿನವಿಡೀ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದರು. ಜುಲೈನಲ್ಲಿ ಅವನನ್ನು ತೆಗೆದರು. ಬೇರೆ ಯಾರೂ ಬರಲು ಒಪ್ಪಲಿಲ್ಲ. ಅಲ್ಲಿಯವರೆಗೆ ಮೈದಾನದ ಮೂಲೆಯಲ್ಲಿ ಬಾಲ್ ಎಸೆಯುವ ಪಿಚರ್‌ಗಳಿಗೆ ಅಭ್ಯಾಸ ಮಾಡಿಸುತ್ತಿದ್ದ ಈ ಮಂಡಿನೋವಿನ ಮುದುಕರನ್ನೇ ಮ್ಯಾನೇಜರ್ ಮಾಡಿದರು.

ಇವರು ಭಾಷಣ ಮಾಡಲಿಲ್ಲ. ಮೊದಲ ದಿನವೇ, ಎಲ್ಲರೂ ಮನೆಗೆ ಹೊರಡುವ ಮುಂಚೆ ಮಾರನೇ ದಿನದ ಪಟ್ಟಿ ಅಂಟಿಸಿದರು, ಅಷ್ಟೇ. “ಹೆದರಿಕೊಂಡು ಯಾರೂ ಮನೆಗೆ ಹೋಗಬಾರದು” ಅಂದರು. ಪಟ್ಟಿಯಲ್ಲಿ ಹೆಸರು ಇಲ್ಲದವನ ಪಕ್ಕದಲ್ಲಿ ಹೋಗಿ ಕೂತು, ಯಾಕೆ ಇಲ್ಲ ಅಂತ ತಾವೇ ಹೇಳುತ್ತಿದ್ದರು. ನಂಬುತ್ತೀರೋ ಇಲ್ಲವೋ, ಅದೇ ಸೋತ ಹುಡುಗರು ಗೆಲ್ಲತೊಡಗಿದರು. ಆಗ ಆಫೀಸಿನವರಿಗೆ ಆಸೆ ಹುಟ್ಟಿತು, ಆಸೆಯ ಜೊತೆಗೆ ಷರತ್ತೂ ಬಂತು. ಕೊನೆಯ ಭಾನುವಾರ ಆಸ್ಟಿನ್ ಹತ್ತಿರದ ಪಂದ್ಯ ಗೆದ್ದರೆ ಮುಂದಿನ ಸುತ್ತು. ಸೋತರೆ ತಂಡಕ್ಕೆ ಬೀಗ.

ಎಲ್ಲವೂ ಒಬ್ಬ ಪಿಚರ್‌ನ ಬಲಗೈ ಮೇಲೆ ನಿಂತಿತ್ತು. ಹ್ಯೂಸ್ಟನ್ ಕಡೆಯವನು, ಇಪ್ಪತ್ತಮೂರು ವರ್ಷ. ಗುರುವಾರ ಅವನ ಮೊಣಕೈ ಮುಟ್ಟಿದೆ, ಒಳಮಗ್ಗುಲು ಕಾದಿತ್ತು. ಎರಡು ಬೆರಳು ಜೋಮು ಹಿಡಿದಿವೆ ಅಂತ ಒಪ್ಪಿಕೊಂಡ. ಭಾನುವಾರ ದೊಡ್ಡ ತಂಡದವರು ಅವನನ್ನು ನೋಡಲು ಬರುವವರಿದ್ದರು. “ದಮ್ಮಯ್ಯ, ಯಾರಿಗೂ ಹೇಳಬೇಡ” ಅನ್ನುವ ಅರ್ಥದಲ್ಲಿ ನನ್ನ ಕೈ ಹಿಡಿದುಕೊಂಡ. ಹೇಳಲ್ಲ ಅಂತ ಮಾತು ಕೊಟ್ಟೆ. ಮಾರನೇ ದಿನ ಆಫೀಸಿನವರು ಕರೆದು, ಅವನು ಪೂರ್ತಿ ಪಂದ್ಯ ಆಡಬಲ್ಲ ಅನ್ನುವ ಕಾಗದ ಮುಂದಿಟ್ಟರು. ಅದರ ಕೆಳಗೇ ನನ್ನ ವೀಸಾ ಕಾಗದಗಳ ಕಟ್ಟು ಇತ್ತು. ಸಹಿ ಹಾಕಿದೆ. ಹೌದು, ಗೊತ್ತಿದ್ದೂ ಹಾಕಿದೆ.

ಭಾನುವಾರ ಮಧ್ಯಾಹ್ನ ಬಿಸಿಲಿಗೆ ಬೆಂಚು ಮುಟ್ಟುವ ಹಾಗಿರಲಿಲ್ಲ. ನಾವು ಮುಂದಿದ್ದೆವು. ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಆರನೆಯದರ ಹೊತ್ತಿಗೆ ಹುಡುಗ ಪ್ರತಿ ಎಸೆತಕ್ಕೂ ಬೆರಳು ಕೊಡವತೊಡಗಿದ. ಮ್ಯಾನೇಜರ್ ಎದ್ದು, ಮೈದಾನದ ನಡುವಿನ ಮಣ್ಣಿನ ದಿಬ್ಬದವರೆಗೆ ಕುಂಟುತ್ತಾ ಹೋಗಿ ವಿಚಾರಿಸಿದರು. ಚೆನ್ನಾಗಿದ್ದೀನಿ ಅಂದನಂತೆ. ವಾಪಸ್ ಬಂದು ನನ್ನ ಪಕ್ಕ ಕೂತರು. ನನ್ನಿಂದ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

“ಇನ್ನೂ ಎಸೆದರೆ?”

“ಕೈ ಹೋಗುತ್ತೆ.”

“ನೀನು ಸಹಿ ಹಾಕಿದೀಯಾ?”

ತಲೆಯಾಡಿಸಿದೆ. ಅವರು ಮೈದಾನವನ್ನೇ ನೋಡುತ್ತಾ, “ಸರಿ. ನೀನು ನನಗೆ ಏನೂ ಹೇಳಿಲ್ಲ” ಅಂದರು.

ಆ ಆಟದಲ್ಲಿ ಒಂದು ನಿಯಮವಿದೆ. ಒಂದೇ ಇನ್ನಿಂಗ್ಸ್‌ನಲ್ಲಿ ಮ್ಯಾನೇಜರ್ ಒಬ್ಬ ಪಿಚರ್ ಹತ್ತಿರ ಎರಡನೇ ಸಲ ಹೋದರೆ ಆ ಪಿಚರ್ ಹೊರಗೆ ಬರಲೇಬೇಕು. ಇದು ಅಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಮುಂದಿನ ಬ್ಯಾಟ್ಸ್‌ಮನ್ ಬಂದ ಮೇಲೆ ಇವರು ಮತ್ತೆ ಎದ್ದರು. ಮೊದಲ ಸಲ ಹೋದದ್ದು ನೆನಪೇ ಇಲ್ಲದವರ ಹಾಗೆ, ನಿಧಾನವಾಗಿ ನಡೆದು ಹೋದರು. ಅಂಪೈರ್ ಕೈ ಎತ್ತಿದ. ಇವರು ಬೆಪ್ಪಾಗಿ ಸುತ್ತ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. ಜನ ಬಿದ್ದು ಬಿದ್ದು ನಕ್ಕರು. ಹುಡುಗ ಬಾಲನ್ನು ನೆಲಕ್ಕೆ ಬಡಿದು, ಎಲ್ಲರೆದುರಿಗೆ ಅವರಿಗೆ ಬಾಯಿಗೆ ಬಂದ ಹಾಗೆ ಬೈದ. ಬೇಕೆಂದೇ ತೆಗೆದಿದ್ದರೆ ಆಫೀಸು ಕಾರಣ ಕೇಳುತ್ತಿತ್ತು, ಕಾರಣ ನೇರ ನನ್ನ ಸಹಿಗೇ ಬರುತ್ತಿತ್ತು. ಮರೆವಿಗೆ ಯಾರು ಕಾರಣ ಕೇಳುತ್ತಾರೆ!

ಪಂದ್ಯ ಸೋತೆವು. ಹುಡುಗನನ್ನು ನೋಡಲು ಬಂದಿದ್ದ ದೊಡ್ಡ ತಂಡದವರು ಮತ್ತೆ ಅವನನ್ನು ಕರೆಯಲಿಲ್ಲ. ಸೋಮವಾರ ಬೆಳಿಗ್ಗೆ, ಮುದುಕನಿಗೆ ಅರಳುಮರಳು ಅಂತ ಹೇಳಿ ಅವರನ್ನು ತೆಗೆದರು. ಇವರು ವಯಸ್ಸಾಯಿತಲ್ಲ ಅಂತ ನಕ್ಕು ಒಪ್ಪಿಕೊಂಡರು. ಚಳಿಗಾಲದ ಹೊತ್ತಿಗೆ ತಂಡವೂ ಮುಚ್ಚಿತು. ಅಷ್ಟರಲ್ಲಿ ಅವರು ತಮ್ಮ ಹಳೆಯ ಆಟಗಾರರೊಬ್ಬರ ಹ್ಯೂಸ್ಟನ್ ಕ್ಲಿನಿಕ್‌ಗೆ ಫೋನ್ ಮಾಡಿ ನನಗೆ ಕೆಲಸ ಕೊಡಿಸಿದ್ದರು. ವೀಸಾ ಅಲ್ಲಿಂದಲೇ ಆಯಿತು. ಹುಡುಗನಿಗಾದರೂ ನಿಜ ಹೇಳೋಣವೇ ಅಂತ ಒಮ್ಮೆ ಅವರನ್ನು ಫೋನಿನಲ್ಲಿ ಕೇಳಿದೆ. “ಕನಸು ಮುರಿದವನಿಗೆ ಬೈಯೋಕೆ ಯಾರಾದರೂ ಬೇಕಲ್ಲ ಡಾಕ್ಟರ್. ನನ್ನನ್ನೇ ಬೈಲಿ ಬಿಡು” ಅಂದರು. ನನಗೂ ಅದೇ ಬೇಕಾಗಿತ್ತು, ಸುಮ್ಮನಾದೆ.

ನಾಲ್ಕು ವರ್ಷದ ನಂತರ ಅವರು ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಜಾರ್ಜ್‌ಟೌನ್‌ನ ಚರ್ಚಿನಲ್ಲಿ ಎಲ್ಲರೂ ಆ ಎರಡನೇ ನಡಿಗೆಯ ಕಥೆ ಹೇಳಿ ಪ್ರೀತಿಯಿಂದಲೇ ನಗುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊರಗೆ ಆ ಹುಡುಗ ನಿಂತಿದ್ದ. ಹ್ಯೂಸ್ಟನ್‌ನಲ್ಲಿ ಶಾಲೆಯೊಂದರ ಕೋಚ್ ಆಗಿದ್ದ. ಬಲಗೈಯಲ್ಲಿ ಮಗಳನ್ನು ಎತ್ತಿಕೊಂಡಿದ್ದ, ಮೊಣಕೈ ಸಲೀಸಾಗಿ ಮಡಚುತ್ತಿತ್ತು. ಒಳಗೆ ಹೋಗಲು ಮನಸ್ಸಿಲ್ಲ, ಹೆಂಡತಿಯ ಬಲವಂತಕ್ಕೆ ಬಂದೆ ಅಂದ. ಈ ನಾಲ್ಕು ವರ್ಷದಲ್ಲಿ ಮುದುಕರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲವಂತೆ.

“ಆ ತಂಡದಲ್ಲಿ ಮಾತು ಉಳಿಸಿಕೊಂಡವಳು ನೀನೊಬ್ಬಳೇ” ಅಂದ.

“ಇಲ್ಲ. ನಾನೇ ಅವರಿಗೆ ಹೇಳಿದ್ದು. ಅವರು ಏನೂ ಮರೆತಿರಲಿಲ್ಲ” ಅಂದೆ.

ಮಗಳನ್ನು ಮೆಲ್ಲಗೆ ಕೆಳಗಿಳಿಸಿ, ಚರ್ಚಿನ ಬಾಗಿಲ ಕಡೆ ನೋಡಿದ. ಸಿಟ್ಟಾಗಿ ಬೈದಿದ್ದರೆ ಚೆನ್ನಾಗಿತ್ತು.

“ಈಗ ಹೇಳ್ತಿದೀಯಾ?” ಅಂದ.